‘ಕಪ್ಪಗಿದ್ದರೂ’ ಎಂಬ ಮಾತು

ಈಗಿನ ಮಕ್ಕಳು ಬ್ಯಾಂಕಿನ ಲೆಡ್ಜರ್ ನೋಡಿರಲಾರರು. ಎರಡು ಕೈಯಿಂದ ಎತ್ತಬೇಕಾದ ದಪ್ಪ ಪುಸ್ತಕ. ಕಂಪ್ಯೂಟರ್ ಬರುವ ಮೊದಲು ಊರಿನವರ ಉಳಿತಾಯದ ಲೆಕ್ಕವೆಲ್ಲ ಅದರಲ್ಲಿ ಕೈಬರಹದಲ್ಲೇ ಇರುತ್ತಿತ್ತು. ಬಿ.ಕಾಂ. ಮುಗಿಸಿ ಗುಮಾಸ್ತನಾಗಿ ಸೇರಿದ ನಾನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳ ಶಾಖೆಗಳನ್ನೇ ಸುತ್ತಿ ಸುತ್ತಿ ನಿವೃತ್ತನಾದವನು. ಆಗೆಲ್ಲ ಇವು ಕೋಲಾರ ಜಿಲ್ಲೆಯ ಊರುಗಳು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ.

ಲೆಡ್ಜರ್ ಬರೆಯುವವನಿಗೆ ಮುಖಗಳಿಗಿಂತ ಹೆಸರುಗಳು ಹೆಚ್ಚು ನೆನಪಿರುತ್ತವೆ. ನಾನು ಕೆಲಸಕ್ಕೆ ಸೇರಿದ ಕಾಲದ ಪುಟಗಳಲ್ಲಿ ಎಂಥೆಂಥ ಹೆಸರುಗಳಿದ್ದವು! ಕರಿಯಪ್ಪ, ಕರಿಯಮ್ಮ, ಕಾಳಪ್ಪ, ಕಾಳಮ್ಮ, ಕೆಂಪಯ್ಯ, ಕೆಂಪಮ್ಮ. ಆಂಧ್ರದ ಗಡಿ ನಮಗೆ ಕೂಗಳತೆಯ ದೂರ. ಹಾಗಾಗಿ ತೆಲುಗಿನ ನಲ್ಲಪ್ಪ, ಎರ್ರಪ್ಪಂದಿರೂ ಇದ್ದರು. ನಲ್ಲ ಅಂದರೆ ಕಪ್ಪು, ಎರ್ರ ಅಂದರೆ ಕೆಂಪು. ಕರಿಯಪ್ಪನನ್ನು ‘ಕರಿಯಪ್ಪನೋರೇ’ ಎಂದು ಕೌಂಟರಿನಿಂದ ಕೂಗಿದರೆ ಅವರು ಮೀಸೆ ತಿರುವಿಕೊಂಡೇ ಬರುತ್ತಿದ್ದರು. ಆ ಹೆಸರಿನಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ನಮ್ಮ ದೇಶದ ಸೈನ್ಯಕ್ಕೆ 1949ರ ಜನವರಿ 15ರಂದು ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ವೀರರ ಹೆಸರೂ ಕಾರಿಯಪ್ಪ ಎಂದೇ ಅಲ್ಲವೇ? ಆ ದಿನವನ್ನೇ ನಾವು ಈಗಲೂ ಸೇನಾ ದಿನ ಎಂದು ಆಚರಿಸುತ್ತೇವೆ.

ಖಾತೆ ತೆರೆಯುವ ಅರ್ಜಿಯಲ್ಲಿ ವಾರಸುದಾರರ ಹೆಸರು ಬರೆಯುವ ಕಾಲಂ ಒಂದಿರುತ್ತದೆ. ಅದನ್ನು ತುಂಬುತ್ತಾ ತುಂಬುತ್ತಾ ಮೂರು ತಲೆಮಾರು ಕಂಡೆ. ಕರಿಯಪ್ಪನ ಮಗ ಕೃಷ್ಣಪ್ಪ. ಕೃಷ್ಣಪ್ಪನ ಮಗ ಕಿಶೋರ್. ನಾನು ನಿವೃತ್ತನಾಗುವ ಹೊತ್ತಿಗೆ ಹೊಸದಾಗಿ ಖಾತೆ ತೆರೆಯುವ ಹುಡುಗರಲ್ಲಿ ಒಬ್ಬ ಕರಿಯಪ್ಪನೂ ಸಿಗುತ್ತಿರಲಿಲ್ಲ. ಹೆಸರುಗಳು ಬದಲಾಗುವುದು ಸಹಜ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ‘ಕರಿಯ’ ಎಂಬ ಪದ ಸುಮ್ಮನೆ ಮರೆಯಾಗಲಿಲ್ಲ. ಹೆಸರಿನ ಸ್ಥಾನದಿಂದ ಇಳಿದು ಬೈಗುಳದ ಸಾಲಿನಲ್ಲಿ ಹೋಗಿ ಕುಳಿತಿತು. ಶಾಲೆಯ ಮೈದಾನದಲ್ಲಿ ಈಗ ಯಾರಾದರೂ ‘ಲೇ ಕರಿಯಾ’ ಎಂದರೆ ಆ ಹುಡುಗ ಮೀಸೆ ತಿರುವುವುದಿಲ್ಲ, ತಲೆ ತಗ್ಗಿಸುತ್ತಾನೆ.

ಬೈಗುಳಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಮಾತು. ಅದು ಹೊಗಳಿಕೆಯ ವೇಷದಲ್ಲಿ ಬರುತ್ತದೆ. ‘ಹುಡುಗಿ ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ.’ ‘ಬಣ್ಣ ಕಮ್ಮಿಯಾದರೂ ಬಲು ಜಾಣ.’ ವ್ಯಾಕರಣದ ಪ್ರಕಾರ ಆ ‘ರೂ’ ಬಹಳ ಚಿಕ್ಕದು. ಆದರೆ ಅದರ ಅರ್ಥ ನೋಡಿ. ಕಪ್ಪಗಿರುವುದು ಒಂದು ಕೊರತೆ, ಲಕ್ಷಣವೋ ಜಾಣತನವೋ ಅದನ್ನು ಹೇಗೋ ಸರಿದೂಗಿಸಿದೆ ಎಂದಾಯಿತು. ಲೆಡ್ಜರಿನ ಭಾಷೆಯಲ್ಲಿ ಹೇಳುವುದಾದರೆ, ಮಗು ಹುಟ್ಟುವಾಗಲೇ ಅದರ ಖಾತೆಯಲ್ಲಿ ಒಂದು ಸಾಲ ಬರೆದು, ಬದುಕಿಡೀ ತೀರಿಸುತ್ತಾ ಹೋಗು ಎಂದ ಹಾಗೆ. ‘ಬೆಳ್ಳಗಿದ್ದರೂ ಜಾಣ’ ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ?

ಈ ಸಾಲ ಬರೆಯುವವರು ಹೊರಗಿನವರಲ್ಲ. ಹೆರಿಗೆಯ ಮನೆಯಲ್ಲಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದ ಕೂಡಲೇ ನಮ್ಮ ಹಿರಿಯರು ಏನು ನೋಡುತ್ತಾರೆ? ಕಿವಿಯ ತುದಿ! ‘ಈಗೇನೋ ಕೆಂಪಗಿದೆ, ಕಿವಿ ನೋಡಿದರೆ ಮುಂದೆ ಬಣ್ಣ ಇಳಿಯುತ್ತೆ’ ಎಂದು ಅಲ್ಲೇ ತೀರ್ಪು. ಅದಕ್ಕೂ ಮುಂಚೆ ಬಸುರಿಗೆ ಕೇಸರಿ ಹಾಲು. ಕೇಸರಿ ಹಾಲು ಕುಡಿಯಲು ರುಚಿ, ಹಾಲಿನಿಂದ ಪುಷ್ಟಿಯೂ ಹೌದು. ಆದರೆ ಅದು ಹೊಟ್ಟೆಯಲ್ಲಿರುವ ಮಗುವಿಗೆ ಸುಣ್ಣ ಬಳಿಯುವುದಿಲ್ಲ. ಮಗುವಿನ ಬಣ್ಣ ತಾಯಿ ತಂದೆಯ ಕಡೆಯಿಂದ, ಅವರಿಗೆ ಅವರ ಹಿರಿಯರಿಂದ ಬಂದದ್ದು. ಅಜ್ಜಿಯಂದಿರೇ, ಮೊಮ್ಮಗಳ ಬಣ್ಣ ಕಂಡು ನೀವು ನಿಟ್ಟುಸಿರು ಬಿಟ್ಟರೆ ಅದು ನಿಮ್ಮ ಅತ್ತೆಗೋ ನಿಮ್ಮ ತಾಯಿಗೋ ತಗಲುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ!

ಮಕ್ಕಳೇ, ಈ ಬಣ್ಣ ಎಂದರೆ ಏನು ಎಂಬುದನ್ನು ಸ್ವಲ್ಪ ನೋಡೋಣ. ನಾನು ವಿಜ್ಞಾನ ಓದಿದವನಲ್ಲ, ವಾಣಿಜ್ಯ ಓದಿದವನು. ಆದರೂ ಇದು ಕಷ್ಟದ ವಿಷಯವಲ್ಲ. ನಮ್ಮ ಚರ್ಮದ ಮೇಲ್ಪದರದ ತಳದಲ್ಲಿ ಮೆಲನೊಸೈಟ್ ಎಂಬ ಜೀವಕೋಶಗಳಿವೆ. ಅವು ಮೆಲನಿನ್ ಎಂಬ ಬಣ್ಣದ ಕಣಗಳನ್ನು ತಯಾರಿಸುತ್ತವೆ. ಸ್ವೀಡನ್ನಿನ ಹುಡುಗನ ಚರ್ಮದಲ್ಲೂ ಚಿಂತಾಮಣಿಯ ಹುಡುಗನ ಚರ್ಮದಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮೆಲನಿನ್ ಮಾಡುತ್ತವೆ, ಯಾವ ಬಗೆಯದನ್ನು ಮಾಡುತ್ತವೆ ಎಂಬುದರಲ್ಲಷ್ಟೇ ವ್ಯತ್ಯಾಸ. ಮೆಲನಿನ್ ಮಾಡುವ ಕೆಲಸ ಕೊಡೆಯದು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಒಳಗಿನ ಜೀವಕೋಶಗಳನ್ನು ಕೆಡಿಸದಂತೆ ಅದು ತಡೆಯುತ್ತದೆ. ಬಿಸಿಲು ಹೆಚ್ಚಿರುವ ನಾಡುಗಳಲ್ಲಿ ಸಾವಿರಾರು ವರ್ಷ ಬದುಕಿದವರಿಗೆ ಪ್ರಕೃತಿ ದಪ್ಪ ಕೊಡೆ ಕೊಟ್ಟಿತು. ಬಿಸಿಲು ಕಡಿಮೆ ಇರುವ ಉತ್ತರದ ನಾಡುಗಳಲ್ಲಿ ಚರ್ಮವು ‘ಡಿ’ ಜೀವಸತ್ವ ತಯಾರಿಸಲು ಸಿಕ್ಕಷ್ಟು ಬಿಸಿಲು ಒಳಗೆ ಬರಬೇಕು, ಆದ್ದರಿಂದ ಅಲ್ಲಿನವರದು ತೆಳು ಕೊಡೆ. ತೆಳು ಕೊಡೆಯವರು ಬಿಸಿಲಿನ ನಾಡಿಗೆ ಹೋಗಿ ನೆಲೆಸಿದರೆ ಏನಾಗುತ್ತದೆ ಎನ್ನುವುದಕ್ಕೆ ಆಸ್ಟ್ರೇಲಿಯಾ ಇದೆ. ಚರ್ಮದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚಾಗಿ ಕಾಣುವ ದೇಶಗಳಲ್ಲಿ ಅದು ಒಂದು.

ನಿಮ್ಮ ಅಂಗಿಯ ತೋಳು ಮೇಲೆತ್ತಿ ನೋಡಿ. ತೋಳಿನ ಒಳಭಾಗ ಒಂದು ಬಣ್ಣ, ಮೊಣಕೈಯ ಹೊರಭಾಗ ಒಂದು ಬಣ್ಣ. ಒಬ್ಬನೇ ಮನುಷ್ಯ, ಎರಡು ಬಣ್ಣ. ಹುಟ್ಟಿದ ಮಗು ಕೆಲವು ವಾರಗಳಲ್ಲಿ ಬಣ್ಣ ತಿರುಗುವುದೂ ಹೀಗೆಯೇ. ಮೆಲನಿನ್ ಕಾರ್ಖಾನೆ ಆಗಷ್ಟೇ ಪೂರ್ತಿ ಕೆಲಸ ಶುರು ಮಾಡಿರುತ್ತದೆ. ಹೈದರಾಬಾದಿನ ಸಿಸಿಎಂಬಿ ಎಂಬ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಿಳಿ ಬಣ್ಣಕ್ಕೆ ಕಾರಣವಾಗುವ ಒಂದು ಜೀನಿನ ಚಿಕ್ಕ ಬದಲಾವಣೆ ಭಾರತದ ಬೇರೆ ಬೇರೆ ಸಮುದಾಯಗಳಲ್ಲಿ ಹೆಚ್ಚುಕಡಿಮೆ ಪ್ರಮಾಣದಲ್ಲಿ ಇದೆ, ಅದು ಯುರೋಪಿನವರಲ್ಲಿರುವ ಬದಲಾವಣೆಯೇ, ಎರಡಕ್ಕೂ ಮೂಲ ಒಂದೇ ಎಂದು ಅವರು ತೋರಿಸಿದರು. ಇಡೀ ಜೀನಿನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ನಮ್ಮ ಬ್ಯಾಂಕಿನಲ್ಲಿ ಒಂದು ಅಕ್ಷರ ತಪ್ಪಿದರೆ ಮೇಲೊಂದು ಗೆರೆ ಎಳೆದು ಸಹಿ ಮಾಡಿಸುತ್ತಿದ್ದೆವು, ಅಷ್ಟೇ.

ಇಷ್ಟು ಸಣ್ಣ ಸಂಗತಿಯಾದರೆ ಮಕ್ಕಳ ಮನಸ್ಸಿನಲ್ಲಿ ಅದೇಕೆ ಅಷ್ಟು ದೊಡ್ಡದಾಗುತ್ತದೆ? ಕೆಲವು ವರ್ಷಗಳ ಹಿಂದೆ ಗೌರಿಬಿದನೂರಿನ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ನನ್ನ ತಂಗಿಯ ಮೊಮ್ಮಗಳು ಅಲ್ಲಿ ಐದನೇ ತರಗತಿ. ನಾಟಕ ಕಾಳಿಂಗಮರ್ದನ. ತರಗತಿಯಲ್ಲೇ ತುಂಬ ಬೆಳ್ಳಗಿದ್ದ ಹುಡುಗ ಕೃಷ್ಣ. ಅವನ ಮೈಗೆಲ್ಲ ನೀಲಿ ಬಣ್ಣ ಬಳಿದಿದ್ದರು. ಪಾಪ, ಅರ್ಧ ನಾಟಕ ಅವನು ಮೈ ಕೆರೆದುಕೊಳ್ಳುವುದರಲ್ಲೇ ಕಳೆದ. ನಮ್ಮ ಹುಡುಗಿ ಮತ್ತು ಅವಳಂತೆಯೇ ಎಣ್ಣೆಗಪ್ಪಿನ ಇನ್ನು ನಾಲ್ಕು ಮಕ್ಕಳು ಕಾಳಿಂಗನ ಹೆಡೆಗಳು. ಆಯ್ಕೆ ಮಾಡಿದವರು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹಾಗೆ ಮಾಡುವುದೇ ರೂಢಿ, ಅಷ್ಟೇ. ಭಾರತಮಾತೆ ಬೆಳ್ಳಗೆ, ರಾಕ್ಷಸರು ಕಪ್ಪಗೆ.

ರಾತ್ರಿ ಊಟಕ್ಕೆ ಕುಳಿತಾಗ ಅವಳು ಕೇಳಿದಳು:

‘ತಾತ, ಕೃಷ್ಣ ನಿಜವಾಗ್ಲೂ ನೀಲಿ ಇದ್ನಾ?’

‘ಇಲ್ಲಮ್ಮ. ಕೃಷ್ಣ ಅನ್ನೋ ಪದದ ಅರ್ಥವೇ ಕಪ್ಪು ಅಂತ.’

‘ಹಂಗಾದ್ರೆ ನಂಗೆ ಬಣ್ಣ ಹಚ್ಚೋದೇ ಬೇಕಾಗಿರ್ಲಿಲ್ವಲ್ಲ!’

ಅದಕ್ಕೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ನಾನು ಅವಳಿಗೆ ಮಹಾಭಾರತದ ಪಟ್ಟಿ ಒಪ್ಪಿಸಿದೆ. ಕಥೆ ಬರೆದ ವ್ಯಾಸರ ಹೆಸರು ಕೃಷ್ಣದ್ವೈಪಾಯನ, ಅಂದರೆ ದ್ವೀಪದಲ್ಲಿ ಹುಟ್ಟಿದ ಕಪ್ಪು ಬಣ್ಣದವರು. ರಾಜರೆಲ್ಲ ಮುಗಿಬಿದ್ದು ಸ್ವಯಂವರಕ್ಕೆ ಬಂದ ದ್ರೌಪದಿಗೆ ಕೃಷ್ಣೆ ಎಂದೇ ಹೆಸರು. ಅರ್ಜುನ ಎಂದರೆ ಬಿಳಿ ಎಂದರ್ಥ. ಆದರೆ ಅವನ ಹತ್ತು ಹೆಸರುಗಳಲ್ಲಿ ಕೃಷ್ಣ ಎಂಬುದೂ ಒಂದು, ಕಪ್ಪು ಮಗನನ್ನು ಕಂಡು ತಂದೆ ಪ್ರೀತಿಯಿಂದ ಇಟ್ಟದ್ದು. ಬರೆದವರು, ನಾಯಕ, ನಾಯಕಿ, ಸಾರಥಿ ಎಲ್ಲರೂ ಕಪ್ಪೇ. ಕ್ಯಾಲೆಂಡರಿನಲ್ಲಿ ಮಾತ್ರ ಎಲ್ಲರೂ ತಿಳಿನೀಲಿ, ಇಲ್ಲವೇ ಹಾಲುಬಿಳುಪು.

ಅಮೆರಿಕದಲ್ಲಿ 1940ರ ದಶಕದಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ ಒಂದು ಸರಳ ಪ್ರಯೋಗ ಮಾಡಿದ್ದರು. ಅವರೂ ಕಪ್ಪು ಜನಾಂಗದವರೇ. ಚಿಕ್ಕ ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನು ಇಟ್ಟರು. ಬಣ್ಣ ಒಂದನ್ನು ಬಿಟ್ಟರೆ ಎಲ್ಲವೂ ಒಂದೇ ಥರ. ಒಳ್ಳೆಯ ಗೊಂಬೆ ಯಾವುದು? ಆಡಲು ಯಾವುದು ಬೇಕು? ಹೆಚ್ಚಿನ ಮಕ್ಕಳು ಬಿಳಿ ಗೊಂಬೆ ತೋರಿಸಿದರು. ಕೆಟ್ಟದ್ದು ಯಾವುದು ಎಂದಾಗ ಕಂದು ಗೊಂಬೆ. ಕೊನೆಗೆ, ‘ನಿನ್ನ ಹಾಗಿರುವ ಗೊಂಬೆ ಯಾವುದು?’ ಎಂದು ಕೇಳಿದಾಗ ಕೆಲವು ಮಕ್ಕಳು ಅಳುತ್ತಾ ಕೋಣೆಯಿಂದ ಓಡಿಹೋದರಂತೆ. ಆ ಮಕ್ಕಳಿಗೆ ಪಾಠ ಹೇಳಿ ಯಾರೂ ಅದನ್ನು ಕಲಿಸಿರಲಿಲ್ಲ. ಸುತ್ತಲಿನ ಗಾಳಿಯಿಂದಲೇ ಕಲಿತಿದ್ದರು. ಬಿಳಿ ಮಕ್ಕಳಿಗೊಂದು, ಕಪ್ಪು ಮಕ್ಕಳಿಗೊಂದು ಶಾಲೆ ಎಂಬ ಪದ್ಧತಿಯನ್ನು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರದ್ದು ಮಾಡಿದಾಗ, ತೀರ್ಪಿನಲ್ಲಿ ಕ್ಲಾರ್ಕ್ ಅವರ ಅಧ್ಯಯನವನ್ನೂ ಉಲ್ಲೇಖಿಸಿತು.

ಆ ರಾತ್ರಿ ಮಲಗುವ ಮುಂಚೆ ಹುಡುಗಿಗೆ ಕನಕದಾಸರ ರಾಮಧಾನ್ಯ ಚರಿತೆಯ ಕಥೆ ಹೇಳಿದೆ. ಗೊತ್ತಿಲ್ಲದ ಮಕ್ಕಳಿಗಾಗಿ ಇಲ್ಲೂ ಚಿಕ್ಕದಾಗಿ ಹೇಳುತ್ತೇನೆ. ಲಂಕೆಯಿಂದ ಹಿಂತಿರುಗುವ ರಾಮನ ಮುಂದೆ ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆ ಬರುತ್ತದೆ. ಬಿಳಿ ಅಕ್ಕಿಗೂ ಕಂದು ರಾಗಿಗೂ ಜಗಳ. ಅಕ್ಕಿ ತಾನು ದೇವರ ನೈವೇದ್ಯಕ್ಕೆ, ದೊಡ್ಡವರ ತಟ್ಟೆಗೆ ಸಲ್ಲುವವನು ಎಂದು ರಾಗಿಯನ್ನು ಹೀಯಾಳಿಸುತ್ತದೆ. ಬರಗಾಲದಲ್ಲಿ ಬಡವರನ್ನು ಬದುಕಿಸುವುದು ನಾನು ಎಂದು ರಾಗಿ ತಿರುಗಿ ಬೀಳುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ತೆಗೆದು ನೋಡಿದರೆ ಅಕ್ಕಿ ಸೊರಗಿದೆ, ರಾಗಿ ಗಟ್ಟಿಯಾಗಿ ಕುಳಿತಿದೆ. ಕನಕದಾಸರಿಗೆ ಧಾನ್ಯ ಒಂದು ನೆಪ. ಅವರು ಹೇಳುತ್ತಿದ್ದುದು ಮನುಷ್ಯರಲ್ಲಿ ಮೇಲು ಕೀಳು ಹುಡುಕುವವರ ಬಗ್ಗೆ. ನಮ್ಮ ಸೀಮೆಯಲ್ಲಿ ಮುದ್ದೆ ಉಂಡು ಬೆಳೆಯದವರು ಯಾರಿದ್ದಾರೆ? ಆದರೂ ತಮಾಷೆ ನೋಡಿ, ಈಗ ಬಿಳಿ ರಾಗಿಯೂ ಬಂದಿದೆ! ಮಂಡ್ಯದ ವಿ.ಸಿ. ಫಾರಂನಲ್ಲಿ ಕೆ.ಎಂ.ಆರ್. 340 ಎಂಬ ತಳಿ ಮಾಡಿದ್ದಾರೆ. ಬಿಸ್ಕತ್ತು, ತಿಂಡಿಗಳು ಕಪ್ಪಗೆ ಕಂಡರೆ ಜನ ಕೊಳ್ಳುವುದಿಲ್ಲವಂತೆ. ರೈತನಿಗೆ ಲಾಭವಾಗುವುದಾದರೆ ಆಗಲಿ. ಆದರೆ ರಾಗಿಗೂ ಈ ಗತಿ ಬಂತಲ್ಲ ಎಂದು ನನಗೆ ನಗು ಬಂತು.

ನಗು ಬಾರದ ಜಾಗವೆಂದರೆ ಮದುವೆ. ಕೌಂಟರಿನ ಹಿಂದೆ ಕುಳಿತವನಿಗೆ ಊರಿನ ಮದುವೆಗಳು ಮೊದಲೇ ತಿಳಿಯುತ್ತವೆ. ಠೇವಣಿ ಮುರಿಯಲು ಬರುತ್ತಾರಲ್ಲ! ಕಾರಣ ಕೇಳಬೇಕೆಂಬ ನಿಯಮವಿಲ್ಲ, ಆದರೆ ಹಳ್ಳಿಯವರು ತಾವಾಗಿಯೇ ಹೇಳುತ್ತಾರೆ. ಚಿಂತಾಮಣಿಯಲ್ಲಿದ್ದಾಗ ಕಡಲೆಕಾಯಿ ಬೆಳೆಯುವ ರೈತರೊಬ್ಬರು ಬಂದರು. ಐದು ವರ್ಷಕ್ಕೆ ಇಟ್ಟ ಠೇವಣಿ, ಎರಡೂ ತುಂಬಿರಲಿಲ್ಲ.

‘ಇನ್ನು ಮೂರು ವರ್ಷ ಬಿಟ್ಟರೆ ಒಳ್ಳೆ ಬಡ್ಡಿ ಬರುತ್ತೆ. ಈಗ ತೆಗೆದರೆ ಬಡ್ಡೀಲಿ ಒಂದು ಪರ್ಸೆಂಟ್ ಮುರ್ಕೋತಾರೆ,’ ಎಂದೆ.

‘ಏನ್ ಮಾಡ್ಲಿ ಸ್ವಾಮಿ, ಚಿಕ್ಕ ಮಗಳು ನನ್ ಥರಾನೇ ಕಪ್ಪು. ಗಂಡಿನ ಕಡೆಯೋರು ಒಪ್ಕೊಂಡವ್ರೆ. ಬಣ್ಣ ಕಮ್ಮಿ ಅಂತ ಒಂದು ಮೋಟರ್ ಸೈಕಲ್ ಜಾಸ್ತಿ ಕೇಳವ್ರೆ.’

ದೊಡ್ಡ ಮಗಳ ಮದುವೆಗೆ ಅವರು ಠೇವಣಿ ಮುಟ್ಟಿರಲಿಲ್ಲ. ಅವಳು ತಾಯಿಯ ಬಣ್ಣ. ಅಂದರೆ ಒಂದೇ ಮನೆಯ ಇಬ್ಬರು ಅಕ್ಕತಂಗಿಯರ ನಡುವಿನ ವ್ಯತ್ಯಾಸದ ಬೆಲೆ ಒಂದು ಮೋಟರ್ ಸೈಕಲ್, ಮೇಲೆ ಮೂರು ವರ್ಷದ ಬಡ್ಡಿ, ಮೇಲೆ ಒಂದು ಪರ್ಸೆಂಟ್ ದಂಡ. ವರದಕ್ಷಿಣೆ ಕೇಳುವುದು 1961ರಿಂದಲೇ ಅಪರಾಧ. ಕಾನೂನಿನ ಪುಸ್ತಕ ಗಂಡಿನ ಕಡೆಯವರ ಹಳ್ಳಿಗೆ ಇನ್ನೂ ತಲುಪಿರಲಿಲ್ಲ. ಮುಂದೆ ಆ ಅಳಿಯನೂ ಖಾತೆ ತೆರೆಯಲು ಬಂದ. ನೋಡಿದೆ. ಮಾವನಿಗಿಂತ ಒಂದು ಕೈ ಹೆಚ್ಚೇ ಕಪ್ಪು! ಆದರೆ ಗಂಡಸಿನ ಬಣ್ಣಕ್ಕೆ ಮಾರುಕಟ್ಟೆಯಲ್ಲಿ ದಂಡವಿಲ್ಲ.

ಪೂರ್ತಿ ಇಲ್ಲವೆಂದೂ ಹೇಳುವಂತಿಲ್ಲ. ಗಂಡನನ್ನು ಕಪ್ಪು ಎಂದು ಹೀಯಾಳಿಸುತ್ತಿದ್ದ ಪ್ರಕರಣವೊಂದು ನಮ್ಮ ಹೈಕೋರ್ಟಿನವರೆಗೂ ಹೋಯಿತು. ಹಾಗೆ ಬಣ್ಣ ಹಿಡಿದು ಅವಮಾನಿಸುವುದು ಕ್ರೌರ್ಯ ಎಂದು 2023ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟು ಹೇಳಿ, ಬೇರೆ ಕಾರಣಗಳನ್ನೂ ಗಣನೆಗೆ ತೆಗೆದುಕೊಂಡು ಗಂಡನಿಗೆ ವಿಚ್ಛೇದನ ಕೊಟ್ಟಿತು. ಬಣ್ಣದ ಮಾತನ್ನು ‘ತಮಾಷೆಗೆ ಅಂದೆ’ ಎಂದು ತಳ್ಳಿಹಾಕುವ ಅಭ್ಯಾಸವಿರುವವರು ಈ ತೀರ್ಪನ್ನು ಮನೆಯಲ್ಲಿ ಓದಿ ಹೇಳಬಹುದು. ಮದುವೆಯ ಜಾಹೀರಾತುಗಳಲ್ಲಿ ‘ಬೆಳ್ಳಗಿನ ವಧು ಬೇಕು’ ಎಂಬ ಸಾಲು ನಾವು ಕಂಡಂತೆ ಎಷ್ಟೋ ಕಾಲದಿಂದ ಇದೆ. ಕಂಪ್ಯೂಟರ್ ಬಂದ ಮೇಲೆ ಶಾದಿ ಡಾಟ್ ಕಾಮ್‌ನಂಥ ತಾಣದಲ್ಲೂ ಚರ್ಮದ ಬಣ್ಣ ಆರಿಸುವ ಸೌಲಭ್ಯವಿತ್ತು! ಅಮೆರಿಕದ ಡಲ್ಲಾಸ್‌ನಲ್ಲಿರುವ ಭಾರತೀಯ ಮೂಲದ ಮಹಿಳೆಯೊಬ್ಬರು 2020ರಲ್ಲಿ ಇದರ ವಿರುದ್ಧ ಸಹಿ ಸಂಗ್ರಹಿಸಿದ ಮೇಲೆ ಅದನ್ನು ತೆಗೆದರು.

ಮನೆಯಲ್ಲಿ ಕಲಿತ ಪಾಠ ಬೀದಿಗೆ ಬಂದರೆ ಎಷ್ಟು ಭಯಂಕರವಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಒಂದು ಘಟನೆ ಸಾಕು. 2016ರ ಜನವರಿ 31ರ ರಾತ್ರಿ ಹೆಸರಘಟ್ಟದ ಕಡೆ ಸುಡಾನಿನವನೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದವಳು ಟಾಂಜಾನಿಯಾ ದೇಶದಿಂದ ಓದಲು ಬಂದಿದ್ದ ವಿದ್ಯಾರ್ಥಿನಿ. ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ. ಸುಡಾನ್ ಬೇರೆ, ಟಾಂಜಾನಿಯಾ ಬೇರೆ. ಆದರೆ ಗುಂಪಿಗೆ ಕಂಡದ್ದು ಬಣ್ಣ ಒಂದೇ. ಅವಳ ಮೇಲೆ ಕೈಮಾಡಿ, ಕಾರಿಗೆ ಬೆಂಕಿ ಹಚ್ಚಿದರು. ಓದಲೆಂದು ನಮ್ಮ ಮಕ್ಕಳನ್ನು ದೂರದೇಶಕ್ಕೆ ಕಳಿಸಿ ರಾತ್ರಿಯೆಲ್ಲ ಫೋನ್ ಪಕ್ಕದಲ್ಲಿಟ್ಟುಕೊಂಡು ಮಲಗುವ ಅಜ್ಜ ಅಜ್ಜಿಯರಿಗೆ ಆ ಹುಡುಗಿಯ ಮನೆಯವರ ಪಾಡು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೊರದೇಶದವರೇನು, ನಮ್ಮವರೇ ಆದ ಸಿದ್ದಿ ಜನರಿದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನಲ್ಲಿ ಅವರ ಊರುಗಳಿವೆ. ನೂರಾರು ವರ್ಷಗಳ ಹಿಂದೆ ಪೋರ್ಚುಗೀಸರೂ ಇತರರೂ ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿನಲ್ಲಿ ತಂದವರ ಸಂತಾನ. ಗೋವೆಯಿಂದ ತಪ್ಪಿಸಿಕೊಂಡು ಬಂದ ಎಷ್ಟೋ ಮಂದಿ ಈ ಕಾಡುಗಳಲ್ಲಿ ನೆಲೆ ಕಂಡುಕೊಂಡರು. ಗುಂಗುರು ಕೂದಲು, ಕಪ್ಪು ಮೈ, ಬಾಯಲ್ಲಿ ಕನ್ನಡ, ಕೊಂಕಣಿ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ, ಆ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲಿಗರಾದರು. ತಲೆತಲಾಂತರದಿಂದ ಇದೇ ನೆಲದ ಅನ್ನ ಉಂಡವರನ್ನು ‘ನಿಮ್ಮದು ಯಾವ ದೇಶ?’ ಎಂದು ಕೇಳಿದರೆ ಅವರಿಗೆ ಹೇಗಾಗಬೇಡ!

ಇನ್ನು ಕ್ರೀಮಿನ ವಿಷಯ. ಈ ಲೇಖನ ಬರೆಯಲು ಕುಳಿತದ್ದೇ ಅದಕ್ಕಾಗಿ.

ಫೇರ್ ಅಂಡ್ ಲವ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು 1975ರಲ್ಲಿ. ಕಪ್ಪು ಹುಡುಗಿಗೆ ಕೆಲಸವಿಲ್ಲ, ವರನಿಲ್ಲ, ಟ್ಯೂಬ್ ಹಚ್ಚಿದ ಮೇಲೆ ಎರಡೂ ಸಿಕ್ಕವು ಎನ್ನುವ ಧಾಟಿಯ ಜಾಹೀರಾತುಗಳನ್ನು ಟಿ.ವಿ.ಯಲ್ಲಿ ನೀವೂ ನೋಡಿದ್ದೀರಿ. ಬಣ್ಣದ ಕಾರಣಕ್ಕೆ ಯಾರನ್ನೂ ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಂಡಳಿ 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಕಂಪನಿ ‘ಫೇರ್’ ಎಂಬ ಪದ ಕೈಬಿಟ್ಟು ‘ಗ್ಲೋ ಅಂಡ್ ಲವ್ಲಿ’ ಎಂದು ಹೆಸರು ಬದಲಿಸಿತು. ಹೆಸರು ಬದಲಾಯಿತು, ಆಸೆ ಬದಲಾಗಲಿಲ್ಲ. ಅದಕ್ಕಿಂತ ಅಪಾಯದ ಸಂಗತಿಯೆಂದರೆ ಜಾಹೀರಾತೇ ಇಲ್ಲದೆ, ಬಾಯಿಂದ ಬಾಯಿಗೆ ಹೆಸರು ಹರಡಿ ಮಾರಾಟವಾಗುವ ಟ್ಯೂಬುಗಳು.

ಶಿಡ್ಲಘಟ್ಟದಲ್ಲಿ ನನ್ನ ಹಳೆಯ ಗ್ರಾಹಕರೊಬ್ಬರಿದ್ದಾರೆ, ಈಗ ಸ್ನೇಹಿತರು. ರೀಲರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಸುವವರು. ಅವರ ಮೊಮ್ಮಗಳು ಪಿ.ಯು.ಸಿ. ಓದುವಾಗ ಗೆಳತಿ ಹೇಳಿದಳೆಂದು ಔಷಧಿ ಅಂಗಡಿಯಿಂದ ಒಂದು ಟ್ಯೂಬ್ ತಂದು ಹಚ್ಚಿಕೊಳ್ಳತೊಡಗಿದಳು. ಚೀಟಿ ಕೇಳಲಿಲ್ಲ, ಅಂಗಡಿಯವನು ಕೊಟ್ಟ. ಮೊದಲ ತಿಂಗಳು ಮುಖ ತಿಳಿಯಾಯಿತು. ಮನೆಯವರೆಲ್ಲ ಮೆಚ್ಚಿದರು. ಆರೇಳು ತಿಂಗಳಲ್ಲಿ ಕೆನ್ನೆ ಕೆಂಪಾಗಿ ಉರಿಯತೊಡಗಿತು. ಮೊಡವೆ ಎದ್ದವು, ಕೆನ್ನೆಯ ಮೇಲೆ ಕೂದಲು ಬಂತು, ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಕಾಣತೊಡಗಿದವು. ಹಚ್ಚುವುದು ನಿಲ್ಲಿಸಿದರೆ ಉರಿ ಇನ್ನೂ ಹೆಚ್ಚು, ಹಚ್ಚಿದರೆ ಸ್ವಲ್ಪ ಶಮನ. ಹೀಗೆ ಬಿಡಲಾರದೆ ಸಿಕ್ಕಿಹಾಕಿಕೊಂಡಳು. ಚರ್ಮದ ಡಾಕ್ಟರು ಟ್ಯೂಬ್ ನೋಡಿದ ತಕ್ಷಣ ಹೇಳಿದರಂತೆ, ‘ಇದು ಸ್ಟೀರಾಯ್ಡ್.’

ಅಜ್ಜಿ ತಾತಂದಿರೇ, ಮನೆಯಲ್ಲಿರುವ ಟ್ಯೂಬುಗಳನ್ನು ಕನ್ನಡಕ ಹಾಕಿಕೊಂಡು ಒಮ್ಮೆ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್. ಇಸುಬಿನಂಥ ಕಾಯಿಲೆಗೆ ಡಾಕ್ಟರು ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯ ಔಷಧಿಯೇ, ಬೆಳ್ಳಗಾಗಲು ಮುಖಕ್ಕೆ ಹಚ್ಚುವುದಕ್ಕಲ್ಲ. ಡಾಕ್ಟರ ಚೀಟಿ ಇಲ್ಲದೆ ಇಂಥ ಕ್ರೀಮುಗಳನ್ನು ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ 14 ಸ್ಟೀರಾಯ್ಡ್ ಕ್ರೀಮುಗಳಿಗೆ ನಿಯಮ ಬಿಗಿ ಮಾಡಿತು. ಬಹಳ ದಿನ ಹಚ್ಚಿಕೊಂಡವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸುವುದೂ ಕಷ್ಟ.

ಇನ್ನು ಯಾರು ತಯಾರಿಸಿದರು, ಏನು ಹಾಕಿದ್ದಾರೆ ಎಂಬ ವಿವರವೇ ಇಲ್ಲದ ಡಬ್ಬಿಗಳಿವೆ. ಅವುಗಳಲ್ಲಿ ಪಾದರಸ ಇರಬಹುದು. ಪಾದರಸ ಮೆಲನಿನ್ ತಯಾರಾಗುವುದನ್ನು ತಡೆಯುತ್ತದೆ, ಮುಖ ತಿಳಿಯಾಗುತ್ತದೆ, ಒಳಗೆ ಮೂತ್ರಪಿಂಡ ಕೆಡುತ್ತದೆ. ನಮ್ಮ ದೇಶದ ನಿಯಮದ ಪ್ರಕಾರ ಇಂಥ ಕ್ರೀಮಿನಲ್ಲಿ ತಾನಾಗಿ ಸೇರಿಕೊಂಡ ಪಾದರಸವೂ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ ಮೀರುವಂತಿಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಯದು ಅಪರೂಪದ ಒಂದು ವಿಧ. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದೆವೆಂದು ಒಪ್ಪಿಕೊಂಡರು. ಹಚ್ಚಿದ್ದು ಮುಖಕ್ಕೆ, ಕೆಟ್ಟದ್ದು ಮೂತ್ರಪಿಂಡ.

ಮೊನ್ನೆ ಶಿಡ್ಲಘಟ್ಟಕ್ಕೆ ಹೋದಾಗ ಸ್ನೇಹಿತರ ನೂಲು ತೆಗೆಯುವ ಶೆಡ್ಡಿನಲ್ಲಿ ಕುಳಿತಿದ್ದೆ. ಬಿಸಿನೀರಿನಲ್ಲಿ ಹಳದಿ ಗೂಡುಗಳು ತೇಲುತ್ತಿದ್ದವು. ಮೈಸೂರು ತಳಿಯ ಬೆರಕೆ ಗೂಡು ಹಳದಿ, ಬೈವೋಲ್ಟೀನ್ ಗೂಡು ಬಿಳಿ. ಹುಡುಗಿ ಪಕ್ಕದಲ್ಲಿ ಲೆಕ್ಕದ ಪುಸ್ತಕ ಬರೆಯುತ್ತಿದ್ದಳು. ಈಗ ಅವಳು ಬಿ.ಕಾಂ. ಓದುತ್ತಿದ್ದಾಳೆ, ನನ್ನ ದಾರಿಯೇ! ಹಳದಿ ನೂಲನ್ನು ತೋರಿಸಿ, ‘ಈ ಬಣ್ಣ ಸೀರೆಯಾಗುವಾಗ ಏನಾಗುತ್ತಮ್ಮ?’ ಎಂದು ಕೇಳಿದೆ.

‘ಅದು ಮೇಲಿನ ಅಂಟಿನ ಬಣ್ಣ ತಾತ. ಬಣ್ಣ ಹಾಕೋಕೆ ಮುಂಚೆ ಸೋಪಿನ ನೀರಲ್ಲಿ ಕುದಿಸ್ತಾರೆ. ಅಂಟು ಹೋಗುತ್ತೆ, ಕಾಲು ಭಾಗ ತೂಕಾನೂ ಹೋಗುತ್ತೆ. ಒಳಗಡೆ ರೇಷ್ಮೆ ಎರಡೂ ಬಿಳೀನೇ.’

ಹೇಳಿ ಮತ್ತೆ ಲೆಕ್ಕಕ್ಕೆ ತಲೆ ಬಗ್ಗಿಸಿದಳು. ಕೆನ್ನೆಯ ಕೆಂಪು ಇನ್ನೂ ಪೂರ್ತಿ ಇಳಿದಿಲ್ಲ. ಬಿಸಿಲಿಗೆ ಹೋದರೆ ಉರಿಯುತ್ತದೆಂದು ಕಾಲೇಜಿಗೆ ದುಪಟ್ಟಾ ಸುತ್ತಿಕೊಂಡು ಹೋಗುತ್ತಾಳೆ. ಡಾಕ್ಟರು ಇನ್ನೂ ಕೆಲವು ತಿಂಗಳು ಬೇಕು ಎಂದಿದ್ದಾರೆ. ತನ್ನ ವಿಷಯ ಪತ್ರಿಕೆಗೆ ಬರೆಯಲು ಅವಳೇ ಒಪ್ಪಿಗೆ ಕೊಟ್ಟಳು, ಹೆಸರು ಹಾಕಬೇಡಿ ತಾತ, ಕ್ಲಾಸಿನಲ್ಲಿ ಇನ್ನೂ ಇಬ್ಬರು ಅದನ್ನೇ ಹಚ್ಚುತ್ತಿದ್ದಾರೆ, ಅವರು ಓದಲಿ ಎಂದಳು.